ನಾಲ್ಕು ನಿಂಬೆಹಣ್ಣಿನ ಪಿಯಾನೋ

ಕವಿತಾ ಹಿತ್ತಲ ಕಲ್ಲಿನ ಮೇಲೆ ಕುಳಿತು ತಾರ್ಲೆ ಮೀನಿನ ಹುರುಪೆ ಕೆರೆಯುತ್ತಿದ್ದಳು. ಇಪ್ಪತ್ತರಲ್ಲಿ ಹನ್ನೊಂದು ಮುಗಿದಿತ್ತು. ಬೆಕ್ಕು ಎರಡು ಮಾರು ದೂರದಲ್ಲಿ, ತನಗೂ ಮೀನಿಗೂ ಸಂಬಂಧವೇ ಇಲ್ಲವೆಂಬಂತೆ ಆಕಾಶ ನೋಡುತ್ತ ಕುಳಿತಿತ್ತು. ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು.

ಮಗಳು ಪ್ರೇಕ್ಷಾ ಫೋನು ತಂದು ತಾಯಿಯ ಕಿವಿಗೆ ಹಿಡಿದಳು. ಹುರುಪೆ ಮೆತ್ತಿದ ಎರಡೂ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಕವಿತಾ, "ಹೇಳು ಸೋಮು" ಅಂದಳು. ಕಾರವಾರದ ಶಾಲೆಯೊಂದರಲ್ಲಿ ಸೋಮು ಜವಾನ, ಅವಳು ಆಯಾ.

"ಕವಿತಕ್ಕಾ, ಪಿಯಾನೋದ ಚಾವಿ ನಿನ್ಹತ್ರ ಅದ್ಯಾ?"

"ದೇವರ ಗೂಡಿನಲ್ಲಿ ಅದೆ. ಎಂತಕೆ?"

"ಅದರ ಸ್ವರ ಸರಿ ಮಾಡೂಕೆ ಮಡಗಾಂವಿಂದ ಒಬ್ರು ಬಂದಿದಾರೆ. ಹತ್ತಕ್ಕೆ ಬತ್ತೆ ಅಂದೋರು ಏಳಕ್ಕೇ ಬಂದು ಕೂತಿದಾರೆ. ಚಾ ಕೊಟ್ಟೆ, ಕುಡಿದ್ರು. ಬಿಸ್ಕಿಟ್ ಕೊಟ್ಟೆ, ತಿಂದ್ರು. ಇನ್ನು ಕೊಡೂಕೆ ನನ್ಹತ್ರ ಎಂತದೂ ಇಲ್ಲ. ನೀ ಬೇಗ ಬಾ."

"ಕೈಯಲ್ಲಿ ಮೀನು ಅದೆ ಮಾರಾಯಾ."

"ಮೀನು ಸತ್ತಾಗ್ಯದೆ ಅಲ್ಲಾ, ಅದು ಕಾಯ್ತದೆ. ಇವ್ರು ಕಾಯೂದಿಲ್ಲ."

ಉಳಿದ ಒಂಬತ್ತಕ್ಕೆ ಉಪ್ಪು ಸವರಿ, ಪಾತ್ರೆ ಮುಚ್ಚಿ, ಮೇಲೆ ಅರೆಯುವ ಕಲ್ಲಿನ ಗುಂಡು ಹೇರಿ ಕವಿತಾ ಎದ್ದಳು. ಆಕಾಶ ನೋಡುತ್ತಿದ್ದ ಬೆಕ್ಕು ಈಗ ನೆಲ ನೋಡತೊಡಗಿತು. ಗಂಡ ನಾಗೇಶ ಬಿಣಗಾದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದ. ಮನೆಯಲ್ಲಿ ಸದ್ದಾಗುವುದು ಬೇಡವೆಂದು ಅವಳು ಮಗಳನ್ನೂ ಹೊರಡಿಸಿದಳು.

"ನಾ ಬರೂದಿಲ್ಲ ಆಯಿ" ಅಂದಳು ಪ್ರೇಕ್ಷಾ. "ಇವತ್ತು ರಜೆ. ಬ್ಯಾನರ್ ಹಿಡಿಯೂಕೆ ನಾಲ್ಕು ಗಂಟೆಗೆ ಹೋದ್ರೆ ಸಾಕು."

ಸದ್ದಿನ ಮಾತು ಬರಿಯ ನೆಪವೆಂದು ಕವಿತಾಗೂ ಗೊತ್ತಿತ್ತು. ಪ್ರೇಕ್ಷಾಳಿಂದ ಹಾಡಿನ ಸದ್ದೇ ಬರದೆ ಮೂರು ವಾರವಾಗಿತ್ತು.

ಒಂಬತ್ತು ವರ್ಷದ ಈ ಹುಡುಗಿ ಮಾತಿಗಿಂತ ಮೊದಲು ಹಾಡು ಕಲಿತವಳು. ಹಲ್ಲುಜ್ಜುತ್ತ ಹಾಡುತ್ತಿದ್ದಳು, ಜಡೆ ಹಾಕಿಸಿಕೊಳ್ಳುತ್ತ ಹಾಡುತ್ತಿದ್ದಳು, ಬೆಕ್ಕಿಗೆ ಬೈಯುವುದನ್ನೂ ಹಾಡಿನಲ್ಲೇ ಬೈಯುತ್ತಿದ್ದಳು. ಬಸ್ಸು ಬಿಣಗಾ ದಾಟಿ ಸುರಂಗ ಹೊಕ್ಕರೆ ಸಾಕು, ಕಿಟಕಿಗೆ ಬಾಯಿಟ್ಟು "ಆ" ಎಂದು ಒಂದು ಸ್ವರ ಎತ್ತುವಳು. ಅದು ಕಲ್ಲಿಗೆ ಬಡಿದು ತಿರುಗಿ ಬಂದಾಗ, ದಾರಿಯಲ್ಲಿ ನೆಂಟರು ಸಿಕ್ಕವಳ ಹಾಗೆ ನಗುವಳು. ಆ ದಿನ ಬಸ್ಸು ಸುರಂಗ ಹೊಕ್ಕಿತು, ಹೊರಬಿತ್ತು. ಹುಡುಗಿ ತನ್ನ ಚಪ್ಪಲಿ ನೋಡುತ್ತ ಕುಳಿತಿದ್ದಳು.

ಇದಕ್ಕೆ ಕಾರಣ ಆ ಪಿಯಾನೋ. ಅದರ ಕಥೆಯನ್ನು ಸ್ವಲ್ಪ ಹಿಂದಿನಿಂದಲೇ ಹೇಳಬೇಕು.

ಬೇಲೆಕೇರಿಯಲ್ಲಿ ಹಡಗಿಗೆ ಅದಿರು ತುಂಬುತ್ತಿದ್ದ ಕಾಲದಲ್ಲಿ ಯಾವನೋ ಮ್ಯಾನೇಜರ ಅದನ್ನು ತನ್ನ ಬಂಗಲೆಯಲ್ಲಿ ಇಟ್ಟುಕೊಂಡಿದ್ದ. ಅದಿರು ನಿಂತಿತು, ಮ್ಯಾನೇಜರ ಹೋದ, ಪಿಯಾನೋ ಉಳಿಯಿತು. ಪುಕ್ಕಟೆ ಸಿಗುತ್ತದೆಂದು ತಿಳಿದದ್ದೇ ತಡ, ಶಾಲೆಯ ಕಮಿಟಿಯ ಕಾರ್ಯದರ್ಶಿ ಪುಂಡಲೀಕ ಸಾಹುಕಾರರು ತಮ್ಮ ಮೀನಿನ ಲಾರಿ ಕಳಿಸಿದರು. ಮಂಜುಗಡ್ಡೆಯ ಪೆಟ್ಟಿಗೆಗಳ ನಡುವೆ ನಿಂತು ಪಿಯಾನೋ ಹೆದ್ದಾರಿ ಹಿಡಿದು ಕಾರವಾರಕ್ಕೆ ಬಂತು. ಬಂದ ಮೊದಲ ತಿಂಗಳು ಸಭಾಂಗಣವೆಲ್ಲ ಬಂಗಡೆ ವಾಸನೆ. ಕವಿತಾಳ ತವರು ಅಂಕೋಲೆಗೂ ಬೇಲೆಕೇರಿಗೂ ನಡುವಿನ ಒಂದು ಬೇಸಾಯದ ಮನೆ. ಅದಿರಿನ ಕೆಂಪು ಧೂಳು ಬಿದ್ದ ಅನ್ನ ಉಂಡು ಬೆಳೆದವಳು ಅವಳು. ಹಾಗಾಗಿ ಪಿಯಾನೋ ಒರೆಸುವಾಗೆಲ್ಲ ತವರಿನ ಕಡೆಯವರನ್ನು ಮಾತಾಡಿಸಿದಂತೆ ಅವಳಿಗೆ ಅನಿಸುತ್ತಿತ್ತು.

ಹನ್ನೆರಡು ವರ್ಷ ಅದಕ್ಕೆ ಸಿಕ್ಕಿದ ಆರೈಕೆಯೆಂದರೆ ಆ ಒರೆಸುವಿಕೆ ಮತ್ತು ಆಯುಧಪೂಜೆ.

ಆಯುಧಪೂಜೆಯ ದಿನ ಶಾಲೆಯ ಬಸ್ಸು, ಕಂಪ್ಯೂಟರ್, ನೀರಿನ ಪಂಪು, ಗಂಟೆ ಎಲ್ಲಕ್ಕೂ ಕುಂಕುಮ, ಹೂವು. ಪಿಯಾನೋಕ್ಕೂ ಅದೇ. ಮೊದಲ ವರ್ಷ ಭಟ್ಟರು ಕುಂಕುಮ ಹಚ್ಚಲು ಬಗ್ಗಿದವರು ಅದರ ಅಡಿಯಲ್ಲಿ ನಾಲ್ಕು ಪುಟ್ಟ ಚಕ್ರ ಕಂಡರು. ಚಕ್ರ ಇದ್ದ ಮೇಲೆ ಅದು ವಾಹನ. ವಾಹನ ಅಂದ ಮೇಲೆ ನಿಂಬೆಹಣ್ಣು. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣಿಟ್ಟು ಆರು ಜನ ಹಿಂದಿನಿಂದ ನೂಕಿದರು. ಹಣ್ಣು ಅಪ್ಪಚ್ಚಿಯಾಯಿತು, ಪಿಯಾನೋದ ಹೊಟ್ಟೆಯೊಳಗಿಂದ ಒಂದು ನರಳಾಟ ಕೇಳಿತು. "ಕಂಡ್ರಾ, ದೃಷ್ಟಿ ಹೋಯ್ತು" ಅಂದರು ಪುಂಡಲೀಕ ಸಾಹುಕಾರರು. ಅಲ್ಲಿಂದ ಪ್ರತಿ ವರ್ಷ ಅದಕ್ಕೆ ನಾಲ್ಕು ನಿಂಬೆಹಣ್ಣಿನ ಮರ್ಯಾದೆ. ಪೂಜೆಗೆ ಮೊದಲು ಆಯುಧಕ್ಕೆಲ್ಲ ಎಣ್ಣೆ ಹಾಕುವ ಪದ್ಧತಿ ಉಂಟಲ್ಲ, ಅದನ್ನೂ ಬಿಡಲಿಲ್ಲ. ಮೇಲಿನ ಮುಚ್ಚಳ ತೆರೆದು, ತಂತಿ ಸುತ್ತಿದ ಮೊಳೆಗಳಿಗೆ ಸಾಹುಕಾರರೇ ಸ್ವಂತ ಕೈಯಿಂದ ಎಣ್ಣೆ ಬಿಡುತ್ತಿದ್ದರು. ಬೇರೆಯವರ ಕೈಗೆ ಕೊಟ್ಟರೆ ಹೆಚ್ಚು ಕಡಿಮೆ ಆದೀತೆಂದು.

ಆರೈಕೆಯ ವಿಷಯದಲ್ಲಿ ಅವರ ಮುಂದೆ ಮಾತಾಡುವವರಿರಲಿಲ್ಲ. ಬೈತಖೋಲದಲ್ಲಿ ಅವರ ಎರಡು ಟ್ರಾಲರ್ ಬೋಟುಗಳಿದ್ದವು. ಮಳೆಗಾಲದಲ್ಲಿ ಮೀನುಗಾರಿಕೆ ಬಂದಾಗುವ ಎರಡು ತಿಂಗಳು ಎರಡರ ಎಂಜಿನ್ನನ್ನೂ ಕೊನೆಯ ತಿರುಪಿನವರೆಗೆ ಬಿಚ್ಚಿ, ತೊಳೆದು, ಮತ್ತೆ ಜೋಡಿಸುವರು. ಪಿಯಾನೋಕ್ಕೂ ಯಾರನ್ನಾದರೂ ಕರೆಸಬೇಕೆಂದು ಹೆಡ್ಮಾಸ್ತರರು ಎಂದೋ ಒಮ್ಮೆ ಅಂದಾಗ ಅವರು ಕೊಟ್ಟ ಉತ್ತರ ಇಡೀ ಶಾಲೆಗೆ ಬಾಯಿಪಾಠ: "ಅದಕ್ಕೆಂತ ಸರ್ವೀಸು? ಅದು ಸಮುದ್ರಕ್ಕೆ ಹೋಗ್ತದ್ಯಾ?"

ಸಮುದ್ರವೇ ಅದರ ಹತ್ತಿರ ಬರುತ್ತಿತ್ತು, ಕಿಟಕಿಯ ಮೂಲಕ, ದಿನಾ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಈ ವರ್ಷ ಶಾಲೆಗೆ ಐವತ್ತು ತುಂಬಿತು. ನಾಳಿನ ಸಮಾರಂಭಕ್ಕೆ ಮುಖ್ಯ ಅತಿಥಿ ನೌಕಾನೆಲೆಯ ಒಬ್ಬ ಅಧಿಕಾರಿಯ ಹೆಂಡತಿ. ಬರುವವರು ಸುಮ್ಮನೆ ಬಂದು ದೀಪ ಹಚ್ಚಿ ಹೋಗಬಾರದೇ? ಅವರಿಗೆ ಪಿಯಾನೋ ಬರುತ್ತದಂತೆ. ಮಕ್ಕಳ ಸ್ವಾಗತಗೀತೆಗೆ ತಾನೇ ನುಡಿಸುವೆನೆಂದು ಹೇಳಿ, ಹಾಡಿನ ರೆಕಾರ್ಡನ್ನೂ ಎರಡು ತಿಂಗಳ ಮೊದಲೇ ಕಳಿಸಿದ್ದರು. ಮೊದಲ ಸಾಲನ್ನು ಮಕ್ಕಳಷ್ಟೇ ಹಾಡಬೇಕು, ಎರಡನೆಯ ಸಾಲಿಗೆ ಪಿಯಾನೋ ಸೇರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಪಿಯಾನೋದ ಸ್ವರ ಸರಿ ಮಾಡಿಸಿಡಿ ಎಂದೂ ಹೇಳಿದ್ದರು; ಅದಕ್ಕೆ ಹೆಡ್ಮಾಸ್ತರರಿಗೆ ಜನ ಸಿಕ್ಕಿದ್ದು ಮಾತ್ರ ಸಮಾರಂಭದ ಹಿಂದಿನ ದಿನಕ್ಕೆ.

ಹಾಡು ಕಲಿಸುವ ಕೆಲಸ ಭವ್ಯಾ ಅಕ್ಕೋರಿಗೆ ಬಂತು. ಅವರು ಗಣಿತದ ಟೀಚರು. ಚಿಕ್ಕಂದಿನಲ್ಲಿ ಆರು ತಿಂಗಳು ಕೀಬೋರ್ಡ್ ಕ್ಲಾಸಿಗೆ ಹೋಗಿದ್ದೆ ಎಂದು ಒಮ್ಮೆ ಚಾ ಕುಡಿಯುವಾಗ ಬಾಯಿ ತಪ್ಪಿ ಹೇಳಿಬಿಟ್ಟಿದ್ದರು. ಅದಕ್ಕೆ ಈ ಶಿಕ್ಷೆ. ಪಾಪ, ಅವರು ರೆಕಾರ್ಡಿನ ಗೊಡವೆಗೇ ಹೋಗದೆ, ಪಿಯಾನೋ ಒಂದೊಂದೇ ಬೆರಳಿನಲ್ಲಿ ಒತ್ತಿ ಮಕ್ಕಳಿಗೆ ಕಲಿಸಿದರು. ಮೂವತ್ತು ಮಕ್ಕಳು ಪಿಯಾನೋ ಅಂದ ಹಾಗೆ ಅಂದರು.

ಪ್ರೇಕ್ಷಾ ಮಾತ್ರ ಆ ದಿನಗಳಲ್ಲಿ ಮೈಮೇಲೆ ಸೀತಾಳೆ ಸಿಡುಬು ಎದ್ದು ಮನೆಯಲ್ಲಿ ಮಲಗಿದ್ದಳು. ಬೇವಿನ ಸೊಪ್ಪಿನ ಮೇಲೆ ಮಲಗಿಕೊಂಡೇ, ತಾಯಿಯ ಫೋನಿನಲ್ಲಿ ಬಂದ ರೆಕಾರ್ಡನ್ನು ದಿನಕ್ಕೆ ನಲವತ್ತು ಸಲ ಕೇಳಿ ಹಾಡು ಕಲಿತಳು. ಶಾಲೆಗೆ ಹೋದ ಮೊದಲ ದಿನವೇ ಎಡವಟ್ಟಾಯಿತು. ಎಲ್ಲರ ಸ್ವರ ಒಂದು ಕಡೆ, ಇವಳದು ಒಂದು ಕಡೆ.

"ಸೇರೂದಿಲ್ಲ ನಿಂದು" ಅಂದರು ಭವ್ಯಾ ಅಕ್ಕೋರು. "ಪಿಯಾನೋ ಕೇಳ್ಕೊಂಡು ಹಾಡು." ಮರುದಿನವೂ ಸೇರಲಿಲ್ಲ. ಮೂರನೆಯ ದಿನ, "ನೀ ಸ್ವರ ತೆಗೀಬೇಡ, ತುಟಿ ಮಾತ್ರ ಆಡ್ಸು" ಅಂದರು. ತುಟಿ ಆಡಿಸುವಾಗ ಹುಡುಗಿಗೆ ಅಳು ಬಂತು; ಅಳು ಬಂದರೆ ಸ್ವಾಗತಗೀತೆ ಚೆನ್ನಾಗಿ ಕಾಣುವುದಿಲ್ಲ. ಕೊನೆಗೆ ಬ್ಯಾನರ್ ಹಿಡಿಯಲು ನಿಲ್ಲಿಸಿದರು. ಅದರ ಒಂದು ಕೋಲನ್ನು ಕಿಟಕಿಯ ಸರಳಿಗೆ ಕಟ್ಟಿತ್ತು. ಇನ್ನೊಂದನ್ನೂ ಕಟ್ಟಬಹುದಿತ್ತು. ಆದರೆ ಆಯಾಳ ಮಗಳಿಗೆ ಏನಾದರೊಂದು ಪಾತ್ರ ಕೊಡಬೇಕಲ್ಲ.

ಆ ಸಂಜೆ ಪ್ರೇಕ್ಷಾ ಮನೆಗೆ ಬಂದು, "ಆಯಿ, ಪಿಯಾನೋನೇ ಕೆಳಗೆ ಹೋಗ್ತದೆ" ಅಂದಿದ್ದಳು.

ಕವಿತಾ ಅನ್ನ ಬಸಿಯುತ್ತಿದ್ದಳು. ಬಿಸಿ ಗಂಜಿ ಕೈಮೇಲೆ ಚೆಲ್ಲಿದ ಉರಿಯೋ, ಮಗಳ ಸ್ವರ ಸೇರುವುದಿಲ್ಲವೆಂದು ಅಕ್ಕೋರು ತನ್ನನ್ನು ಕರೆದು ಎಲ್ಲರೆದುರು ಹೇಳಿದ ಸಂಕಟವೋ, "ಕುಣಿಯೂಕೆ ಬರದೋಳು ನೆಲ ಡೊಂಕು ಅಂದ್ಲಂತೆ. ಅಕ್ಕೋರು ಹೇಳಿದ್ಮೇಲೆ ಆಯ್ತು, ಸುಮ್ನಿರು" ಅಂದುಬಿಟ್ಟಿದ್ದಳು.

ಹುಡುಗಿ ಹೇಳಿದ ಹಾಗೆ ಕೇಳಿದಳು. ಸುಮ್ಮನಾದಳು. ಅಕ್ಕೋರ ಮಾತು ಮುಚ್ಚದ ಬಾಯನ್ನು ತಾಯಿಯ ಮಾತು ಮುಚ್ಚಿತು.

ಮಡಗಾಂವಿನಿಂದ ಬಂದು ಸಭಾಂಗಣದಲ್ಲಿ ಕಾಯುತ್ತಿದ್ದವರ ಹೆಸರು ಇನಾಸ. ಅರವತ್ತು ದಾಟಿದ ಸಣಕಲು ಮನುಷ್ಯ, ಮನೆಮಾತು ಕೊಂಕಣಿ. ಸದಾಶಿವಗಡದಲ್ಲಿ ಅಕ್ಕನ ಮನೆಯಿದ್ದುದರಿಂದ ಕಾರವಾರದ ಕನ್ನಡ ಬರುತ್ತಿತ್ತು. ಚಾವಿ ತಿರುಗಿಸಿ ಕವಿತಾ ಮುಚ್ಚಳ ಎತ್ತಿದಾಗ ಅವರು ಬಿಳಿ ಪಟ್ಟಿಗಳ ಮೇಲೆ ಒಮ್ಮೆ ಮೆಲ್ಲಗೆ ಕೈಯಾಡಿಸಿದರು. ಆ ಸದ್ದು ಕೇಳಿ, ಹಲ್ಲು ನೋವಿನವರ ದವಡೆ ಮುಟ್ಟಿದವರ ಹಾಗೆ ಕೈ ಹಿಂದೆ ತೆಗೆದುಕೊಂಡರು.

"ಕಡೇ ಸಲ ಸ್ವರ ಕೂಡಿಸಿದ್ದು ಯಾವಾಗ ಅಕ್ಕಾ?"

ಕವಿತಾ ಸೋಮುವನ್ನು ನೋಡಿದಳು. ಸೋಮು ಅಭಿಮಾನದಿಂದ ಹೇಳಿದ: "ಪೂಜೆ ಒಂದು ವರ್ಷನೂ ತಪ್ಪಿಸಲಿಲ್ಲ."

ಇನಾಸರು ಎದುರಿನ ಹಲಗೆ ಬಿಚ್ಚಿದರು. ಒಳಗಿಂದ ಒಣಗಿದ ಚೆಂಡುಹೂವು ಬಂತು, ಮಂತ್ರಾಕ್ಷತೆ ಬಂತು, ಇಲಿಯ ಗೂಡು ಬಂತು, ಒಣಗಿ ಜಾಯಿಕಾಯಿಯಂತಾದ ಒಂದು ನಿಂಬೆಹಣ್ಣು ಬಂತು. ತಳದಲ್ಲಿ ಅರ್ಧ ಬೆರಳು ಕೆಂಪು ಪುಡಿ. ಅದನ್ನು ಬ್ರಶ್ಶಿನಿಂದ ಸರಿಸುತ್ತ, "ಇದೆಲ್ಲ ಕುಂಕುಮನಾ?" ಅಂದರು.

ಕವಿತಾ ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. "ಮೇಲಿಂದು ಕುಂಕುಮ. ಅಡಿಗಿಂದು ಅದಿರು" ಅಂದಳು.

ಅಷ್ಟು ಹೊತ್ತಿಗೆ ಪುಂಡಲೀಕ ಸಾಹುಕಾರರು ಬಿಳಿ ಅಂಗಿಯ ತೋಳು ಮಡಚುತ್ತ ಬಂದರು. ಇನಾಸರು ಮೊಳೆಗಳ ಸಾಲಿನ ಮೇಲೆ ಬೆರಳೊರೆಸಿ, ಮೂಸಿ ನೋಡಿ, ಕಣ್ಣು ಮುಚ್ಚಿಕೊಂಡು ನಿಂತಿದ್ದರು.

"ಇದೆಂತ ಎಣ್ಣೆ?"

"ನಮ್ಮ ಬೋಟಿನ ಎಂಜಿನ್ ಆಯಿಲು" ಅಂದರು ಸಾಹುಕಾರರು. "ಹಳೇದಲ್ಲ ಮತ್ತೆ. ಪ್ರತಿ ವರ್ಷ ಹೊಸ ಡಬ್ಬಿ ಒಡೆದೇ ಹಾಕೂದು."

"ಸಾಹುಕಾರ್ರೆ, ಈ ಒಂದೊಂದು ತಂತಿ ಒಂದೊಂದು ಮೊಳೆಗೆ ಸುತ್ತಿದ್ದು. ಮೊಳೆ ಮರದಲ್ಲಿ ಕಚ್ಚಿ ಕೂತ್ರೆ ತಂತಿ ಬಿಗಿ, ತಂತಿ ಬಿಗಿ ಇದ್ರೆ ಸ್ವರ. ನೀವು ಕಚ್ಚಿ ಕೂತದ್ದಕ್ಕೆ ಜಾರೂಕೆ ಎಣ್ಣೆ ಹಾಕೀರಿ. ಬೋಟು ಕಟ್ಟಿದ ಹಗ್ಗದ ಗಂಟಿಗೆ ಬೆಣ್ಣೆ ಹಚ್ತೀರಾ ನೀವು?"

"ಪೂಜೆ ಅಂದ್ಮೇಲೆ ಎಣ್ಣೆ ಬೇಡ್ವಾ?"

"ಪೂಜೆ ನಿಮ್ದು, ನಾ ಎಂತದೂ ಹೇಳೂದಿಲ್ಲ. ಆದ್ರೆ ಇದಕ್ಕೆ ವರ್ಷಕ್ಕೆ ಎರಡು ಸಲ ಕೈ ಹಾಕ್ಬೇಕು. ಮಳೆಗಾಲ ಕಳೆದು ಮರ ಒಣಗಿದ ಮೇಲೆ ಒಂದು, ಮಳೆಗೆ ಮುಂಚೆ ಒಂದು. ಸಮುದ್ರದ ಗಾಳಿಗೆ ಮರ ಉಬ್ತದೆ, ಬೇಸಿಗೆಗೆ ಕುಗ್ತದೆ, ತಂತಿ ದಿನಾ ಒಂದು ಕೂದಲೆಳೆ ಸಡಿಲ ಆಗ್ತದೆ. ಒಂದು ದಿನಕ್ಕೆ ಯಾರ ಕಿವಿಗೂ ಗೊತ್ತಾಗೂದಿಲ್ಲ. ಗೊತ್ತಾಗೂದಿಲ್ಲ ಅಂತಲೇ ಬಿಡೂದು."

"ಯಾರೂ ಬಾರಿಸದೇ ಮುಚ್ಚಿಟ್ಟದ್ದು ಎಂತ ಕೆಡ್ತದೆ ಮಾರಾಯ್ರೆ?"

"ನಿಮ್ಮ ಬೋಟು ಮಳೆಗಾಲದಲ್ಲಿ ದಡಕ್ಕೇ ಇರ್ತದಲ್ಲಾ? ಸುಮ್ನೆ ನಿಂತದ್ದನ್ನ ಎಂತಕೆ ಬಿಚ್ತೀರಿ?"

ಸಾಹುಕಾರರಿಗೆ ಆ ಕ್ಷಣವೇ ಫೋನು ಬಂತು. ರಿಂಗು ಮಾತ್ರ ಯಾರಿಗೂ ಕೇಳಲಿಲ್ಲ. "ಹಾಂ, ಹೇಳಿ, ಹೇಳಿ" ಅನ್ನುತ್ತ ಅವರು ಅಂಗಳಕ್ಕೆ ಹೋದರು.

ಕವಿತಾ ಹಿಡಿಕಟ್ಟಿನಿಂದ ಕಸ ಗುಡಿಸುತ್ತಿದ್ದಳು. ಇನಾಸರು ಚೀಲದಿಂದ ಎರಡು ಕವಲಿನ ಒಂದು ಉಕ್ಕಿನ ಕಡ್ಡಿ ತೆಗೆದು, ಮೊಣಕಾಲಿಗೆ ಬಡಿದು, ಅದರ ಬುಡವನ್ನು ಪಿಯಾನೋದ ಮರಕ್ಕೆ ಒತ್ತಿದರು. ಒಂದು ಸ್ವರ ಎದ್ದು ಸಭಾಂಗಣದಲ್ಲೆಲ್ಲ ತೆಳ್ಳಗೆ ಹರಡಿತು. "ಇದು ಇರಬೇಕಾದ್ದು" ಅಂದರು. ಆಮೇಲೆ ಅದೇ ಸ್ವರದ ಬಿಳಿ ಪಟ್ಟಿಯನ್ನು ಒತ್ತಿದರು. "ಇದು ಇದ್ದದ್ದು."

ಎರಡನೆಯದು ಕೆಳಗಿತ್ತು. ಸಂಗೀತದ ಗಂಧವಿಲ್ಲದ ಕವಿತಾಳ ಕಿವಿಗೂ ಗೊತ್ತಾಗುವಷ್ಟು ಕೆಳಗಿತ್ತು, ಮನೆಯ ಮೆಟ್ಟಿಲಲ್ಲಿ ಒಂದು ಇಲ್ಲವೆಂದು ಕಾಲಿಗೆ ತಿಳಿಯುವ ಹಾಗೆ. ಅವಳ ಕೈಯ ಹಿಡಿಕಟ್ಟು ನಿಂತಲ್ಲೇ ನಿಂತಿತು. 'ಪಿಯಾನೋನೇ ಕೆಳಗೆ ಹೋಗ್ತದೆ ಆಯಿ.' ನೆಲ ಡೊಂಕೇ ಇತ್ತು. ಹನ್ನೆರಡು ವರ್ಷದಿಂದ ಅದೇ ನೆಲವನ್ನು ಒರೆಸಿ, ಹೂವಿಟ್ಟು, ಕುಣಿಯಬಲ್ಲ ಒಬ್ಬಳೇ ಹುಡುಗಿಯ ಕಾಲಿಗೆ ತಾನೇ ತಪ್ಪು ಹೊರಿಸಿದ್ದಳು. ತಿರುಗಿ ಮಗಳನ್ನು ನೋಡಿದಳು. ಪ್ರೇಕ್ಷಾ ಮೂಲೆಯ ಬೆಂಚಿನಿಂದ ಎದ್ದು ನಿಂತಿದ್ದಳು.

"ಬಾ ತಂಗಿ, ಹತ್ರ ಬಾ" ಅಂದರು ಇನಾಸರು. "ನಂಗೆ ಒಂದು ಕಿವಿ ಹಳೇದಾಗ್ಯದೆ. ನಿನ್ನ ಕಿವಿ ಸಾಲ ಕೊಡು."

ಆಮೇಲಿನ ಆರು ತಾಸು ಕವಿತಾ ಕಂಡದ್ದು, ತಾನು ಇಷ್ಟು ವರ್ಷ ಮಾಡಿದ ಯಾವ ಕೆಲಸಕ್ಕಿಂತ ತಾಳ್ಮೆಯ ಕೆಲಸ. ಇನ್ನೂರಕ್ಕೂ ಮಿಕ್ಕಿದ ತಂತಿಗಳು. ಹೆಚ್ಚಿನ ಪಟ್ಟಿಗಳಿಗೆ ಮೂರು ಮೂರು ತಂತಿ; ಎರಡರ ನಡುವೆ ರಬ್ಬರಿನ ಬೆಣೆ ತುರುಕಿ ಸುಮ್ಮನಾಗಿಸಿ, ಒಂದನ್ನು ತಿರುವಿ, ಆಮೇಲೆ ಉಳಿದೆರಡನ್ನು ಅದಕ್ಕೆ ಕೂಡಿಸಬೇಕು. ಅಷ್ಟು ಕೆಳಗಿಳಿದದ್ದನ್ನು ಒಂದೇ ಏಟಿಗೆ ಎಳೆದರೆ ನಿಲ್ಲುವುದಿಲ್ಲವೆಂದು, ಇಡೀ ಪಿಯಾನೋವನ್ನು ಒಮ್ಮೆ ಒರಟಾಗಿ ಮೇಲೆತ್ತಿ, ಮತ್ತೆ ಮೊದಲಿಂದ ನಯವಾಗಿ ಕೂಡಿಸಿದರು. ಎರಡು ತಂತಿ ತುಂಡಾದವು, ಬೇರೆ ಹಾಕಿದರು. ಎಣ್ಣೆ ಕುಡಿದ ಎಂಟು ಮೊಳೆ ನಿಲ್ಲಲೇ ಇಲ್ಲ. ತೆಗೆದು ದಪ್ಪನೆಯವು ಹೊಡೆದರು.

"ಎರಡು ತಂತಿ ಜಗಳ ಆಡೂದು ಕೇಳ್ತದ್ಯಾ?" ಅಂದರು ಪ್ರೇಕ್ಷಾಗೆ. ಕೇಳುತ್ತಿತ್ತು, ದೂರದಲ್ಲಿ ಬೋಟು ಹೋದ ಹಾಗೆ ವಂಯ್, ವಂಯ್, ವಂಯ್ ಎಂಬ ಅಲೆ. ಅವರು ಮೊಳೆ ತಿರುವಿದಂತೆ ಅಲೆ ನಿಧಾನವಾಗುತ್ತ ಬಂತು. ಹುಡುಗಿ ಕೈ ಎತ್ತಿದಳು. "ಈಗ ನಿಂತಿತು."

"ನಂಗಿಂತ ಮುಂಚೆ ಹೇಳ್ದೆ ನೀನು" ಅಂದರು ಇನಾಸರು. "ಎಲ್ಲಿ, ಈ ಸ್ವರ ಒಮ್ಮೆ ಹೇಳಿ ತೋರ್ಸು."

ಪ್ರೇಕ್ಷಾ ತಲೆ ಅಲ್ಲಾಡಿಸಿದಳು. "ನಾ ತುಟಿ ಮಾತ್ರ ಆಡ್ಸೂದು" ಅಂದಳು.

ಇನಾಸರು ಕವಿತಾಳತ್ತ ನೋಡಿದರು. ಕವಿತಾಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಇವತ್ತಿನ ತಾಲೀಮಿನಲ್ಲೂ ಇವಳು ಬಾಯಿ ತೆರೆಯದಿದ್ದರೆ ಮುಂದೆಂದೂ ತೆರೆಯುವುದಿಲ್ಲವೆಂದು ಅವಳಿಗೆ ತಟ್ಟನೆ ಅನಿಸಿತು, ಮುಚ್ಚಿಟ್ಟ ಪೆಟ್ಟಿಗೆಯೊಳಗೆ ದಿನಾ ಒಂದು ಕೂದಲೆಳೆ ಸಡಿಲವಾಗುತ್ತ ಹೋಗುವುದು ಯಾರಿಗೂ ಕಾಣಿಸುವುದಿಲ್ಲ. "ಹೇಳು ಮಗಾ. ಇಲ್ಲಿ ನಾವೇ ಇದ್ದದ್ದು" ಅಂದಳು. ಹುಡುಗಿ ತಾಯಿಯನ್ನು ಒಂದು ಗಳಿಗೆ ನೋಡಿದಳು. ನಂಬಬೇಕೋ ಬೇಡವೋ ಎಂಬ ನೋಟ ಅದು. ತುಟಿ ಬಿಚ್ಚಿ ಮತ್ತೆ ಮುಚ್ಚಿಕೊಂಡಳು.

ನಾಲ್ಕು ಗಂಟೆಗೆ ಮಕ್ಕಳು ಬಂದರು. ಮೂವತ್ತು ಮಕ್ಕಳು ಮೂರು ಸಾಲಾಗಿ ನಿಂತರು. ಸಾಹುಕಾರರು ಮುಂದಿನ ಕುರ್ಚಿಯಲ್ಲಿ ಕುಳಿತರು. ಅವರೇ ಕೈಮುಗಿದು ನಿಂತ ದೊಡ್ಡ ಚಿತ್ರವಿದ್ದ ಬ್ಯಾನರಿನ ಒಂದು ಕೋಲನ್ನು ಕಿಟಕಿಯ ಸರಳು ಹಿಡಿದುಕೊಂಡಿತು, ಇನ್ನೊಂದನ್ನು ಪ್ರೇಕ್ಷಾ ಹಿಡಿದುಕೊಂಡಳು. ಅತಿಥಿಯ ಬದಲಿಗೆ ಇನಾಸರೇ ಪಿಯಾನೋಕ್ಕೆ ಕುಳಿತರು. ಭವ್ಯಾ ಅಕ್ಕೋರು ಕೈ ಎತ್ತಿ ಇಳಿಸಿದರು.

ಮೊದಲ ಸಾಲು ಮಕ್ಕಳದು. ಎರಡು ತಿಂಗಳಿಂದ ಗಂಟಲಿಗೆ ಇಳಿದಿದ್ದ ಅದೇ ಹಳೆಯ ಸ್ವರದಲ್ಲಿ ಮೂವತ್ತು ಜನ ಒಮ್ಮತದಿಂದ ಹಾಡಿದರು. ಎರಡನೆಯ ಸಾಲಿಗೆ ಪಿಯಾನೋ ಸೇರಿತು.

ಕಿರಿದಾದ ಸೇತುವೆಯ ಮೇಲೆ ಎರಡು ಲಾರಿ ಎದುರುಬದುರಾದಂತಾಯಿತು. ಮಕ್ಕಳು ಕೆಳಗೆ, ಪಿಯಾನೋ ಮೇಲೆ. ಮುಂದಿನ ಸಾಲಿನವರು ಮೇಲೆ ಹತ್ತಲು ಹೋಗಿ ನಡುವೆ ಸಿಕ್ಕಿಕೊಂಡರು, ಹಿಂದಿನವರು ಹಠ ಬಿಡಲಿಲ್ಲ. ಎರಡನೆಯ ಸಲವೂ ಅದೇ. ಮೂರನೆಯ ಸಲ ಒಂದು ಮಗು ಕಿವಿ ಮುಚ್ಚಿಕೊಂಡಿತು.

"ಬೆಳಿಗ್ಗೆ ವರೆಗೆ ಸರಿಯಾಗೇ ಇತ್ತಲ್ಲಾ" ಅಂದರು ಭವ್ಯಾ ಅಕ್ಕೋರು, ಅಳುವ ಮುಖ ಮಾಡಿ.

ಸಾಹುಕಾರರು ಎದ್ದರು. "ನಾ ಹೇಳ್ಲಿಲ್ವಾ? ಸುಮ್ನಿದ್ದದ್ದಕ್ಕೆ ಕೈ ಹಾಕ್ಬಾರದು ಅಂತ. ಆಯ್ತು, ಆದದ್ದು ಆಯ್ತು. ಇನಾಸ್ ಬಾಬ್, ನೀವೊಂದು ಕೆಲಸ ಮಾಡಿ. ಇದನ್ನ ಮುಂಚಿನ ಹಾಗೇ ಮಾಡಿ ಕೊಟ್ಬಿಡಿ. ಒಂದು ರಾತ್ರಿಯಲ್ಲಿ ಮೂವತ್ತು ಮಕ್ಕಳನ್ನ ಬದಲ್ಸೂಕಿಂತ ಒಂದು ಪೆಟ್ಟಿಗೆ ಬದಲ್ಸೂದು ಸಸಾರ."

ಇನಾಸರು ಕನ್ನಡಕ ತೆಗೆದು ಒರೆಸಿಕೊಂಡರು. "ಮೂವತ್ತೈದು ವರ್ಷದಿಂದ ಈ ಕೆಲಸ ಮಾಡ್ತೆ ಸಾಹುಕಾರ್ರೆ. ತಪ್ಪು ಸ್ವರ ಕೂಡಿಸಿ ಕೊಡು ಅಂತ ಯಾರೂ ಕೇಳ್ಲಿಲ್ಲ. ಅದಕ್ಕೆ ಮಡಗಾಂವಿಂದ ಜನ ಬೇಕಾಗೂದಿಲ್ಲ. ಇಲ್ಲೇ ಕಿಟಕಿ ಪಕ್ಕ ಬಿಡಿ, ಮೊಳೆಗೆ ಎಣ್ಣೆ ಹಾಕಿ, ವರ್ಷಕ್ಕೆ ನಾಲ್ಕು ನಿಂಬೆಹಣ್ಣು ಹತ್ಸಿ. ತಾನೇ ಆಗ್ತದೆ."

ಹಿಂದಿನ ಸಾಲಿನ ಮಕ್ಕಳು ನಕ್ಕರು. ಸೋಮು ಕೆಮ್ಮಿದ.

"ಪಿಯಾನೋ ಸರಿ ಅಂತ ಹೇಳೋರು ಯಾರು? ನೀವೇ ಅಲ್ಲಾ?"

"ನಾ ಅಲ್ಲ. ನಾಳೆ ಬರೋರು ಹಾಡು ಕಳ್ಸಿದಾರಲ್ಲಾ, ಅದನ್ನ ಹಚ್ಚಿ."

ಭವ್ಯಾ ಅಕ್ಕೋರು ಎರಡು ತಿಂಗಳಲ್ಲಿ ಮೊದಲ ಬಾರಿಗೆ ಆ ರೆಕಾರ್ಡು ಹಚ್ಚಿದರು. ಫೋನು ಹಾಡಿತು. ಇನಾಸರು ಅದರ ಜೊತೆಗೇ ನುಡಿಸಿದರು. ಎರಡೂ ಒಂದರೊಳಗೊಂದು ಹೊಕ್ಕು, ಯಾವುದು ಫೋನು, ಯಾವುದು ಪಿಯಾನೋ ಎಂದು ತಿಳಿಯದ ಹಾಗೆ ಸೇರಿಹೋದವು. ಭವ್ಯಾ ಅಕ್ಕೋರು ತಮ್ಮ ಬೆರಳುಗಳನ್ನು, ಅವು ಬೇರೆ ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದರು.

ಸಾಹುಕಾರರು ಬಹಳ ಹೊತ್ತು ಯೋಚಿಸಿದರು. "ಹಾಗಾದ್ರೆ ಫೋನೂ ಹಾಳಾಗ್ಯದೆ" ಅಂದರು.

ಕಿಟಕಿಯ ಪಕ್ಕದಲ್ಲಿ ಬ್ಯಾನರು ಮೆಲ್ಲಗೆ ವಾಲಿತು. ಕೈಮುಗಿದಿದ್ದ ಚಿತ್ರದ ಸಾಹುಕಾರರು ಮೊದಲು ಸೊಂಟ ಬಗ್ಗಿಸಿದರು, ಆಮೇಲೆ ಮೊಣಕಾಲೂರಿದರು, ಕೊನೆಗೆ ಪೂರ್ತಿ ಅಡ್ಡಬಿದ್ದರು. ಪ್ರೇಕ್ಷಾ ಕೋಲನ್ನು ನೆಲದ ಮೇಲಿಟ್ಟು, ಮೂರು ಸಾಲು ಮಕ್ಕಳ ಮುಂದೆ ನಡೆದು ಬಂದು ನಿಂತಿದ್ದಳು. ಮಾತಾಡುವ ಮೊದಲು ತಾಯಿಯತ್ತ ನೋಡಿದಳು.

ಕವಿತಾಗೆ ಆ ನೋಟ ಗೊತ್ತಿತ್ತು. ದೊಡ್ಡವರ ನಡುವೆ ಬಾಯಿ ತೆರೆಯುವ ಮೊದಲು ಹುಡುಗಿ ಯಾವಾಗಲೂ ಹಾಗೆ ನೋಡುವಳು. ತಾನು ಯಾವಾಗಲೂ ಹುಬ್ಬು ಗಂಟಿಕ್ಕಿ ಬೇಡವೆನ್ನುವಳು. ಈ ಕೆಲಸ, ಈ ಶಾಲೆಯಲ್ಲಿ ಮಗಳ ಸೀಟು, ಎದುರಿಗೆ ಕುಳಿತ ಸಾಹುಕಾರರು, ಎಲ್ಲ ಒಟ್ಟಿಗೆ ಅವಳ ಹುಬ್ಬಿನ ಮೇಲೆ ಬಂದು ಕುಳಿತವು. ಕೈಯಲ್ಲಿ ಇನ್ನೂ ತಾರ್ಲೆಯ ವಾಸನೆ. ಆ ಕೈಯಿಂದಲೇ ಹಿಡಿಕಟ್ಟನ್ನು ಗೋಡೆಗೆ ಒರಗಿಸಿ ಇಟ್ಟು ಅವಳು ನೆಟ್ಟಗೆ ನಿಂತಳು, ಮಗಳ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ಹೂಂ ಎಂಬಂತೆ ತಲೆಯಾಡಿಸಿದಳು.

ಪ್ರೇಕ್ಷಾ ಹಾಡಿನ ಮೊದಲ ಸಾಲನ್ನು ಹಾಡಿದಳು. ಮೂರು ವಾರದ ತುಕ್ಕಿಗೆ ಮೊದಲ ಅಕ್ಷರ ಸ್ವಲ್ಪ ಕರಕರ ಅಂದಿತು, ಆಮೇಲೆ ತಿಳಿಯಾಯಿತು. ಎರಡನೆಯ ಸಾಲಿಗೆ ಇನಾಸರು ತಲೆ ಎತ್ತದೆಯೇ ಬೆರಳು ಊರಿದರು. ಅಲೆಯಿಲ್ಲ, ಜಗಳವಿಲ್ಲ. ಒಂದೇ ಸ್ವರ.

ಅವಳು ನಿಲ್ಲಿಸಿದಳು. ತನ್ನ ಅಕ್ಕೋರನ್ನು ನೋಡಿ, ಸಾಹುಕಾರರನ್ನು ನೋಡಿ, ಕೊನೆಗೆ ತಾಯಿಯನ್ನೂ ನೋಡಿ, ಸಭಾಂಗಣದ ಕೊನೆಯ ಬೆಂಚಿಗೂ ಕೇಳುವಷ್ಟು ದೊಡ್ಡದಾಗಿ ಕೇಳಿದಳು:

"ತಪ್ಪಿದ್ದದ್ದು ಪಿಯಾನೋ ಆದ್ರೆ, ಬಾಯಿ ಮುಚ್ಚು ಅಂತ ನಂಗೆ ಎಂತಕೆ ಹೇಳಿದ್ರಿ?"